ಹೊರಗೆ ಪುಂಟೊ, ಒಳಗೆ ಸ್ವಿಫ್ಟ್

ಹೊಸದುರ್ಗದಲ್ಲಿ ನನ್ನ ಡೀಸೆಲ್ ಫಿಯಟ್ ಪುಂಟೊ ನಿಂತರೆ ಬೀಗರ ಮೊದಲ ಪ್ರಶ್ನೆ: "ಸ್ವಿಫ್ಟ್ ಸಿಗಲಿಲ್ವಾ?" ಅವರ ಡೀಸೆಲ್ ಸ್ವಿಫ್ಟಿನೊಳಗೆ ಗುಡುಗುಡಿಸುವ 1248 ಸಿಸಿ ಎಂಜಿನ್ನೂ ಇದೇ ಫಿಯಟ್ಟಿನದು, ಮಾರುತಿ ಪರವಾನಗಿ ಪಡೆದು ಮಾಡಿದ್ದು. ಹೇಳಿದರೆ ನಂಬರು, ಗಂಡಿನ ಕಡೆಯವರಲ್ಲವೇ! 2020ರಲ್ಲಿ ಬಿಎಸ್-6 ಬಂದಾಗ ಮಾರುತಿಯೂ ಆ ಡೀಸೆಲ್ಲಿಗೆ ಕೈಮುಗಿಯಿತು.

ಹಿರಿಯೂರು ದಾಟಿ ಹೆದ್ದಾರಿ 48ಕ್ಕೆ ಬಿದ್ದು, 2000 ಆರ್‌ಪಿಎಂ ಹತ್ತಿರ ಟರ್ಬೊ ಎದ್ದು ಕೂತಿತೆಂದರೆ ಚಿತ್ರದುರ್ಗದ ಗಾಳಿಯಂತ್ರಗಳು ಬಂದದ್ದೇ ತಿಳಿಯದು. ಸೋಮಾರಿ ಅಂದರೆ ಡೀಸೆಲ್ ಮುಳ್ಳು, ಅಲುಗುವುದೇ ಇಲ್ಲ.

ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ, ಪೂಜೆಗೆ ಬಂದ ಹೊಸ ಕಾರುಗಳ ನಡುವೆ, ಒಬ್ಬರು ಬಾನೆಟ್ ಸವರಿ ಕೇಳಿದರು: "ಈ ಕಂಪನಿ ಇನ್ನೂ ಐತಾ ಯಜಮಾನ್ರೇ?"

"ಕಂಪನಿ ಸುದ್ದಿ ನಂಗ್ಯಾಕೆ, ಕಾರು ಐತಲ್ಲ" ಅಂದೆ.