ಗೋವಾ ಭಾವ

ನಮ್ಮ ಕಾರವಾರದ ಕಡೆ, ಕದ್ರಾದ ಕೆಪಿಸಿ ಕಾಲೊನಿಯಿಂದ ಹಿಡಿದು ಮಲ್ಲಾಪುರದ ಕೈಗಾ ಟೌನ್‌ಶಿಪ್‌ವರೆಗೆ ಯಾವ ಮನೆಯಲ್ಲಿ ವಿಚಾರಿಸಿದರೂ ಒಬ್ಬ ಗೋವಾ ಭಾವ ಇದ್ದೇ ಇರುತ್ತಾರೆ. ಬೆಂಗಳೂರಲ್ಲಿ ನೌಕರಿ, ಸ್ವಂತ ಕಾರು, ವರ್ಷಕ್ಕೊಮ್ಮೆ ಮಾತ್ರ ಇಸ್ತ್ರಿ ಕಾಣುವ ಹೂವಿನ ಅಂಗಿ. ಡಿಸೆಂಬರ್ ಬಂತೆಂದರೆ ನಮ್ಮೂರ ಮೇಲೇ ಗೋವಾಕ್ಕೆ ಹಾಯ್ದು ಹೋಗುತ್ತಾರೆ, ಹಾರ್ನ್ ಕೂಡ ಹೊಡೆಯುವುದಿಲ್ಲ. ನಮ್ಮ ಭಾವ ಈ ಸಲ ನಮ್ಮಲ್ಲೇ ಇಳಿದರು. ಪ್ರೀತಿ ಉಕ್ಕಿ ಅಲ್ಲ; ಗೋವಾದಲ್ಲಿ ರೂಮು ಸಿಕ್ಕಿದ್ದು ಶನಿವಾರದಿಂದ, ಇವರು ರಜೆ ಹಾಕಿದ್ದು ಗುರುವಾರದಿಂದ.

ಅಂಕೋಲಾ ದಾಟಿ ಅರಗಾ ಹತ್ತಿರ ಬರುವಾಗಲೇ ಫೋನ್ ಬಂತು. "ಎಂಥಾ ಬೀಚೋ ಇಲ್ಲಿ! ಒಳಗೆ ಹೋಗೋಕೆ ದಾರಿ ಯಾವುದು?"

ದಾರಿ ಇಲ್ಲ, ಅದು ನೌಕಾನೆಲೆ ಎಂದೆ.

"ನೋಡು, ಒಳ್ಳೊಳ್ಳೇದನ್ನೆಲ್ಲ ಮುಚ್ಚಿಟ್ಟುಬಿಟ್ಟಿದ್ದಾರೆ" ಎಂದು ಬೇಜಾರಾದರು. ಆ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಮನೆ, ಗದ್ದೆ, ದೋಣಿ ನಿಲ್ಲಿಸುವ ಜಾಗ ಬಿಟ್ಟುಕೊಟ್ಟವರೂ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ, ದನಿ ಮಾತ್ರ ಬೇರೆ.

ನನ್ನನ್ನೂ ಹತ್ತಿಸಿಕೊಂಡು ಹೊರಟಾಗ ಕದ್ರಾ ಅಣೆಕಟ್ಟೆಯ ಹಿನ್ನೀರು ಕಂಡು ಭಾವ ಕಾರು ನಿಲ್ಲಿಸಿದರು. ಸುತ್ತ ಕಾಡು, ನಡುವೆ ಕಾಳಿ ನದಿ. ಮುಖ ಅರಳಿತು. ಅರಳಿದ ಮುಖದಿಂದಲೇ, "ಇಷ್ಟು ನೀರಿಟ್ಕೊಂಡು ಏನು ಮಾಡ್ತಿದ್ದೀರೋ? ಗೋವಾದ ಮಾಂಡೋವಿ ನೋಡು, ಕ್ಯಾಸಿನೊ ಹಡಗೇ ನಿಲ್ಲಿಸಿದ್ದಾರೆ" ಎಂದರು. ಕರೆಂಟು ಮಾಡುತ್ತೇವೆ ಭಾವ, 50 ಮೆಗಾವಾಟಿನ ಮೂರು ಯಂತ್ರ ಇವೆ, ಕೈಗಾದ ಅಣುಸ್ಥಾವರಕ್ಕೂ ಇದೇ ನೀರು ಎಂದೆ. ಕೈಗಾ ಹೆಸರು ಕಿವಿಗೆ ಬಿದ್ದದ್ದೇ, ನೀರಿಗೆ ಬಗ್ಗಿದ್ದ ಮಗನ ಕಾಲರ್ ಹಿಡಿದು ಎಳೆದುಕೊಂಡರು.

ರಾತ್ರಿ ಊಟಕ್ಕೆ ಬಂಗಡೆ ಹುರಿದಿತ್ತು. ರವೆ ಮೆತ್ತಿದ ಅಂಚು ಇನ್ನೂ ಚುರುಗುಡುತ್ತಿತ್ತು. ಭಾವ ಮೀನಿನ ಬಾಲ ಹಿಡಿದೆತ್ತಿ ಲೈಟಿಗೆ ಅಡ್ಡ ಹಿಡಿದರು.

"ಇದು ಡ್ಯಾಮ್‌ದಾ?"

"ಅಯ್ಯೋ, ಬಂಗಡೆ ಡ್ಯಾಮಲ್ಲಿ ಎಲ್ಲಿಂದ ಬರ್ಬೇಕು ಅಣ್ಣಾ? ಬೈತಖೋಲ ಬಂದರದ್ದು, ಬೆಳಿಗ್ಗೆ ತಂದದ್ದು" ಎಂದಳು ನನ್ನ ಹೆಂಡತಿ.

"ಅಲ್ಲಮ್ಮ, ಕಾಳಿ ನೀರು ಕೊನೆಗೆ ಸೇರೋದು ಅದೇ ಸಮುದ್ರಕ್ಕೆ ತಾನೇ?"

ಅಕ್ಕ ಮಾತಾಡದೆ ಅವರ ತಟ್ಟೆಯ ಎರಡೂ ಮೀನು ತನ್ನ ತಟ್ಟೆಗೆ ಹಾಕಿಕೊಂಡಳು. ಭಾವ ತಿಳಿಸಾರು ಅನ್ನ ಉಣ್ಣುತ್ತಾ ಅಣುಶಕ್ತಿಯ ಬಗ್ಗೆ ಮಾತಾಡಿದರು. ಕೈಗಾದ ಒಂದನೇ ಘಟಕ 962 ದಿನ ಒಂದೇ ಸಮನೆ ನಡೆದು 2018ರಲ್ಲಿ ಆಗಿನ ವಿಶ್ವದಾಖಲೆ ಮಾಡಿತ್ತು. ಆ ದಾಖಲೆಯನ್ನು ಮುಂದೆ ಕೆನಡಾದ ಘಟಕವೊಂದು ಮುರಿಯಿತಂತೆ. ಆ ರಾತ್ರಿ ನಮ್ಮ ಹಜಾರದಲ್ಲಿ ಕೂತಿದ್ದವರಿಗೆ ಭಾವನೂ ಮುರಿಯಬಲ್ಲರು ಎನಿಸಿತ್ತು.

ಶುಕ್ರವಾರ ಕಾರವಾರ. ಟ್ಯಾಗೋರ್ ಕಡಲತೀರದಲ್ಲಿ ಅವರು ಮೊದಲು ನುಗ್ಗಿದ್ದು ದಡಕ್ಕೆ ತಂದಿಟ್ಟ ಐಎನ್ಎಸ್ ಚಾಪೆಲ್ ಯುದ್ಧನೌಕೆಗೆ. ಟಿಕೆಟ್ ಇದ್ದ ಕಡೆ ಮಾತ್ರ ನೋಡುವಂಥದ್ದು ಇರುತ್ತದೆ ಎಂಬುದು ಈ ಜಾತಿಯವರ ನಂಬಿಕೆ. ಆಮೇಲೆ ಮರಳಿಗಿಳಿದು ಚಪ್ಪಲಿ ಕೈಯಲ್ಲಿ ಹಿಡಿದು, "ಆಹಾ, ಎಷ್ಟು ಶಾಂತ! ಇದು ಬೀಚಪ್ಪ" ಎಂದು ಕಣ್ಣು ಮುಚ್ಚಿದರು. ಕಣ್ಣು ತೆರೆದು ಆಚೆ ಈಚೆ ನೋಡಿದರು. "ಯಾಕೋ ಒಬ್ಬರೂ ಇಲ್ಲ? ಏನಾದ್ರೂ ಆಗಿದ್ಯಾ ಇಲ್ಲಿ?"

ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, 1880ರ ದಶಕದಲ್ಲಿ ತಮ್ಮ ಬಂದು ಉಳಿದಿದ್ದರು, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲೇ ಎಂದು ಊರಿನ ಮಾನ ಉಳಿಸಲು ನೋಡಿದೆ.

"ಹೌದಾ? ಗೋವಾಕ್ಕೆ ಹೋಗೋ ದಾರೀಲಾ?"

ಅಷ್ಟು ದೂರದಲ್ಲಿ ರಾಂಪಣಿ ಬಲೆ ಎಳೆಯುತ್ತಿದ್ದರು. ಎರಡು ಸಾಲು ಜನ, ಬೆನ್ನು ಹಿಂದಕ್ಕೆ ವಾಲಿಸಿ, ಹಿಮ್ಮಡಿ ಮರಳಿಗೆ ಊರಿ. ಭಾವ ಓಡಿಹೋಗಿ ನಡುವೆ ಸೇರಿ ಹಗ್ಗಕ್ಕೆ ಕೈ ಇಟ್ಟರು. ಇಟ್ಟದ್ದಷ್ಟೇ. ಮಗ ಫೋಟೊ ತೆಗೆದ. ಹಿಂದಿದ್ದ ಮುದುಕ ಕೊಂಕಣಿಯಲ್ಲಿ ಏನೋ ಅಂದ.

"ಏನಂತೆ?"

"ಫೋಟೊ ಚಲೋ ಬಂತಾ ಕೇಳ್ತಿದ್ದಾರೆ ಭಾವ" ಎಂದೆ. ಎಳೆಯುವುದಾದರೆ ಎಳೆ, ಇಲ್ಲದಿದ್ದರೆ ಆಚೆ ಹೋಗು ಎಂದಿದ್ದ ಮುದುಕ. ಇನ್ನೂ ಒಂದು ಶಬ್ದ ಸೇರಿಸಿದ್ದ, ಅದು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಸಂಜೆ ತೀರ್ಪು ಬಂತು. ಸಮುದ್ರ ಚೆನ್ನಾಗಿದೆ, ಮರಳು ಚೆನ್ನಾಗಿದೆ, ಗುಡ್ಡ ದ್ವೀಪ ಎಲ್ಲ ಗೋವಾಕ್ಕಿಂತ ಒಂದು ಕೈ ಮೇಲೆ. ಊರಿಗೇ ತಾನು ಬೀಚು ಅಂತ ಗೊತ್ತಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಕಾರವಾರಕ್ಕೆ ಹೋದರೆ ಆಸ್ಪತ್ರೆ, ಡೀಸಿ ಆಫೀಸು, ಮೀನು ಮಾರ್ಕೆಟ್ ಮುಗಿಸಿ ಬಸ್ಸು ಹಿಡಿಯುವವ ನಾನು. ಕಡಲು ಅತ್ತ ಇದೆ ಎಂಬುದು ಗಾಳಿ ಬೀಸಿದಾಗ ನೆನಪಾದರೆ ಉಂಟು.

ಶನಿವಾರ ಮಾಜಾಳಿ ಗಡಿ ದಾಟಿ ಹೋದವರು ಭಾನುವಾರ ರಾತ್ರಿ ಫೋನ್ ಮಾಡಿದರು. ಹಿಂದೆ ಡೋಲು ಬಡಿಯುವ ಸದ್ದು.

"ಥೂ, ಕಾಲಿಡೋಕೆ ಜಾಗ ಇಲ್ವೋ ಇಲ್ಲಿ. ಟ್ಯಾಕ್ಸಿಯವನು ಬಾಯಿಗೆ ಬಂದ ರೇಟು ಹೇಳ್ತಾನೆ. ನಿಮ್ಮ ಕಾರವಾರ ಎಷ್ಟು ನೆಮ್ಮದಿ ಇತ್ತು!" ಎಂದರು. ಕಾರವಾರಕ್ಕೆ ಇಂಥ ಮಾತು ಕೇಳಿಸಬೇಕಾದರೆ ಭಾವ ಗೋವಾದಲ್ಲಿ ನಿಂತಿರಬೇಕು. "ನಾಳೆ ಮಧ್ಯಾಹ್ನ ಊಟಕ್ಕೆ ಅಲ್ಲಿಗೇ ಬರ್ತೀವಿ. ಆ ಬಂಗಡೆ ಮಾಡಿರು ಅಂತ ಹೇಳು. ಡ್ಯಾಮ್‌ದಾದ್ರೂ ಪರವಾಗಿಲ್ಲ."

ಹೆಂಡತಿ ಫೋನ್ ಇಸಿದುಕೊಂಡಳು.

"ಬನ್ನಿ ಅಣ್ಣಾ. ಆದರೆ ನಾಳೆ ಸೋಮವಾರ, ನಮ್ಮಲ್ಲಿ ಮೀನು ಮಾಡೋದಿಲ್ಲ. ತಿಳಿಸಾರು ಇರ್ತದೆ."