ಗೇಟಿನಿಂದ ಅಡುಗೆಮನೆವರೆಗೆ

ಅಕ್ಕ, ದೊಡ್ಡ ಫ್ರಿಜ್ ತಗೋಬೇಕು ಅಂತಿದೀರಂತೆ? ಬೆಳಗ್ಗೆ ನಿಮ್ಮ ಸೊಸೆ ರಂಗೋಲಿ ಹಾಕ್ತಾ ಹೇಳಿದ್ಲು. ತಗೊಳ್ಳಿ, ಖಂಡಿತ ತಗೊಳ್ಳಿ. ಅಷ್ಟು ಜನ ಇರೋ ಮನೆ, ಹಬ್ಬ ಹುಣ್ಣಿಮೆ ಅಂದ್ರೆ ನೆಂಟರು ಬೇರೆ. ಆ ಹಳೇ ಫ್ರಿಜ್ಜಲ್ಲಿ ಹಾಲು ಇಟ್ರೆ ಹಿಟ್ಟಿಗೆ ಜಾಗ ಇಲ್ಲ, ಹಿಟ್ಟು ಇಟ್ರೆ ಸೊಪ್ಪಿಗೆ ಜಾಗ ಇಲ್ಲ ಅಂತ ನೀವು ಪಡೋ ಪಾಡು ನನಗೆ ಗೊತ್ತಿಲ್ವಾ? ಆದ್ರೆ ಅಂಗಡಿಗೆ ಹೋಗಿ ಅಡ್ವಾನ್ಸ್ ಕೊಡೋಕೆ ಮುಂಚೆ ಸ್ವಲ್ಪ ಹೊತ್ತು ಇಲ್ಲೇ ಕಾಂಪೌಂಡ್ ಹತ್ರ ನಿಂತ್ಕೊಳ್ಳಿ. ನಾವು ಪಟ್ಟ ಫಜೀತಿ ನೀವು ಪಡೋದು ಬೇಡ.

ಎಲ್ಲರೂ ಮೊದಲು ಅಳೆಯೋದು ಫ್ರಿಜ್ ಕೂರೋ ಜಾಗ. ಅದೇನೂ ಕಷ್ಟ ಅಲ್ಲ. ಹಿಂದೆ ಎರಡು ಇಂಚು, ಪಕ್ಕದಲ್ಲಿ ಎರಡು ಇಂಚು ಗಾಳಿಗೆ ಬಿಡ್ಬೇಕು, ಬಾಗಿಲು ಪೂರ್ತಿ ತೆಗೆಯೋಷ್ಟು ಮುಂದೆ ಜಾಗ ಬೇಕು, ಅಷ್ಟೆ. ಅಳೀಬೇಕಾದ್ದು ದಾರಿ. ಗೇಟು, ಮೆಟ್ಟಿಲು, ಗ್ರಿಲ್ಲು, ತಲಬಾಗಿಲು, ನಡುಮನೆ ತಿರುವು, ಕೊನೇಗೆ ಅಡುಗೆಮನೆ ಬಾಗಿಲು. ನಮ್ಮ ಸರಸ್ವತಿಪುರದ ಹಳೇ ಮನೆಗಳಲ್ಲಿ ತಲಬಾಗಿಲೇನೋ ಮೂರೂವರೆ ಅಡಿ ಇರತ್ತೆ, ತೇಗದ್ದು, ಕೆತ್ತನೆ ಎಲ್ಲಾ ಇಟ್ಟು ಮಾಡಿಸಿರ್ತಾರೆ. ಅಡುಗೆಮನೆಗೆ ಬಂದ ತಕ್ಷಣ ಎರಡೂವರೆ ಅಡಿ. ಅದೂ ಚೌಕಟ್ಟು ಸೇರಿಸಿ. ಒಳಗಿಂದೊಳಗೆ ಟೇಪ್ ಹಿಡಿದ್ರೆ ಇಪ್ಪತ್ತಾರು ಇಂಚು ಸಿಕ್ಕಿದ್ರೆ ನಮ್ಮ ಪುಣ್ಯ. ಬಾಗಿಲ ಹಲಗೆ ಪೂರ್ತಿ ಗೋಡೆಗೆ ಒರಗದೇ ಅಡ್ಡ ನಿಂತ್ರೆ ಅದರಲ್ಲೂ ಒಂದೂವರೆ ಇಂಚು ಹೋಯ್ತು.

ನಮ್ಮ ಮಾವನವರು ಮನೆ ಕಟ್ಟಿಸಿದಾಗ ಫ್ರಿಜ್ ಅಡುಗೆಮನೆಗೆ ಹೋಗೋ ಸಾಮಾನೇ ಆಗಿರಲಿಲ್ಲ. ಗೋದ್ರೇಜ್‌ನವರು ನಮ್ಮ ದೇಶದಲ್ಲಿ ಫ್ರಿಜ್ ಮಾಡೋಕೆ ಶುರು ಮಾಡಿದ್ದೇ 1958ರಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ಒಂದೇ ಬಾಗಿಲಿನ ಆ 165 ಲೀಟರಿನದ್ದು ಜನರ ಮನೆಗೆ ಬಂದ್ರೆ ಹಾಲ್‌ನಲ್ಲಿ, ಬಂದೋರಿಗೆ ಕಾಣೋ ಹಾಗೆ, ಮೇಲೊಂದು ಕ್ರೋಶಾ ಬಟ್ಟೆ ಹೊದ್ಕೊಂಡು ಕೂತಿರ್ತಿತ್ತು. ಈಗ ಬರೋ ಅಕ್ಕಪಕ್ಕ ಎರಡು ಬಾಗಿಲಿನ ಫ್ರಿಜ್ಜು ಮೂರಡಿ ಅಗಲ, ಹತ್ತಿರ ಹತ್ತಿರ ಆರಡಿ ಎತ್ತರ, ನೂರು ಕೆಜಿ ಆಸುಪಾಸು ತೂಕ. ಅಡ್ಡಡ್ಡ ತಿರುಗಿಸಿ ತಗೊಂಡು ಹೋಗೋಣ ಅಂದ್ರೂ ಬಾಗಿಲು, ಹಿಡಿ ಎಲ್ಲಾ ಸೇರಿ ಇಪ್ಪತ್ತೆಂಟು ಇಂಚಿನ ಮೇಲೆ. ಇಪ್ಪತ್ತಾರರಲ್ಲಿ ಇಪ್ಪತ್ತೆಂಟು ಹೇಗೆ ಹೋಗತ್ತೆ ಹೇಳಿ.

ಇದನ್ನೆಲ್ಲಾ ನಮ್ಮ ಯಜಮಾನರು ಅಂಗಡೀಲಿ ಬಿಡಿಸಿ ಬಿಡಿಸಿ ಕೇಳಿದ್ರು. ಅಳತೆ ಬರೆದಿದ್ದ ಚೀಟಿ ಕೂಡ ಕೈಯಲ್ಲಿತ್ತು. "ಫ್ರಿಜ್ಜಿನ ಬಾಗಿಲು ಬಿಚ್ಚಿದ್ರೆ ಆರಾಮಾಗಿ ಹೋಗತ್ತೆ ಸಾರ್, ನಮ್ಮ ಹುಡುಗ್ರು ಎಲ್ಲಾ ಮಾಡ್ಕೊಡ್ತಾರೆ" ಅಂದ ಆ ಸೇಲ್ಸ್‌ನವನು. ಬಾಗಿಲು ಬಿಚ್ಚಿದ್ರೆ ಹೋಗತ್ತೆ ಅನ್ನೋದು ನಿಜವೇ ಆಗಿತ್ತು. ಯಾರ ಹುಡುಗ್ರು ಬಿಚ್ತಾರೆ ಅನ್ನೋದು ಮಾತ್ರ ಬಿಲ್ಲಲ್ಲಿ ಎಲ್ಲೂ ಇರಲಿಲ್ಲ.

ಅವತ್ತು ನೀವೂ ನೋಡಿದ್ರಲ್ಲ, ಟೆಂಪೋ ಬಂದು ನಿಂತಿದ್ದು. ಇಬ್ಬರೇ ಹುಡುಗ್ರು. ಒಬ್ಬನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಹೆಗಲಿಗೊಂದು ಪಟ್ಟಿ ಹಾಕ್ಕೊಂಡು ಅಷ್ಟು ಭಾರನ ಆ ಆರು ಮೆಟ್ಟಿಲು ಹತ್ತಿಸಿದ್ರಲ್ಲ, ನೋಡೋಕೇ ಆಗ್ಲಿಲ್ಲ ನನಗೆ. ಕಾಲಿಗೆ ಹವಾಯಿ ಚಪ್ಪಲಿ. ಜಾರಿದ್ರೆ ಗತಿ ಏನು? ಆ ಲೋಡಿಗೆ ಅವರಿಗೆ ಸಿಗೋದೆಷ್ಟೋ, ಇಂಥ ತೂಕಕ್ಕೆ ಕಡೇ ಪಕ್ಷ ಮೂರು ಜನ, ಗಾಲಿ ಇರೋ ಟ್ರಾಲಿ ಕೊಟ್ಟು ಕಳಿಸಬಾರದಾ? ಲಕ್ಷದ ಸಾಮಾನು ಮಾರೋರಿಗೆ ಅಷ್ಟೂ ಬೇಡ್ವಾ? ಒಳಗೆ ನಮ್ಮದು ರೆಡ್ ಆಕ್ಸೈಡ್ ನೆಲ, ಎಳೆದ್ರೆ ಗೀರು ಬೀಳತ್ತೆ ಅಂತ ಹಳೇ ಜಮಖಾನ ಹಾಸಿದೆ. ಅದರ ಮೇಲೆ ನಿಂತಿದ್ದ ಹಾಗೇ ಎಳ್ಕೊಂಡು ಬಂದ್ರು. ಮಲಗಿಸಬೇಡಿ ಅಂತ ಮೊದಲೇ ಹೇಳಿದ್ವಿ. ಮಲಗಿಸಿದ್ರೆ ಕಂಪ್ರೆಸರ್‌ನಲ್ಲಿರೋ ಎಣ್ಣೆ ಗ್ಯಾಸಿನ ಪೈಪಿಗೆ ಹರಿಯತ್ತೆ, ಆಮೇಲೆ ನೆಟ್ಟಗೆ ನಿಲ್ಲಿಸಿ ಗಂಟೆಗಟ್ಟಲೆ ಹಾಗೇ ಬಿಟ್ಟು, ಎಣ್ಣೆ ಕೆಳಗಿಳಿದ ಮೇಲೇ ಸ್ವಿಚ್ ಹಾಕ್ಬೇಕು.

ಡಬ್ಬ ಬಿಚ್ಚಿ ನಾಕೂ ಕಡೆ ನೋಡಿ, ವಿಡಿಯೋ ಮಾಡ್ಕೊಂಡ ಮೇಲೇ ನಮ್ಮ ಯಜಮಾನರು ಚಲನ್‌ಗೆ ಸಹಿ ಹಾಕಿದ್ದು. ತುಮಕೂರಲ್ಲಿ ನಮ್ಮ ನಾದಿನಿ ಮನೆಗೆ ಬಂದಿದ್ದು ಪಕ್ಕದಲ್ಲಿ ನೆಗ್ಗಿತ್ತಂತೆ, ಸಹಿ ಮೊದಲೇ ಆಗ್ಬಿಟ್ಟಿತ್ತು, ನಿಮ್ಮನೇಲೇ ತಾಗಿರ್ಬೇಕು ಅಂದ್ರಂತೆ. ನೀವೂ ಹಾಗೇ ಮಾಡಿ, ಹುಡುಗ್ರು ಅರ್ಜೆಂಟ್ ಮಾಡಿದ್ರೆ ಕುಡಿಯೋಕೆ ಮಜ್ಜಿಗೆ ಕೊಟ್ಟು ಕೂರಿಸಿ.

ಸರಿ, ಅಡುಗೆಮನೆ ಬಾಗಿಲಿಗೆ ಬಂತು. ನಿಂತ್ಕೊಂಡ್ತು. ಹುಡುಗ್ರು, "ಫ್ರಿಜ್ ಬಾಗಿಲು ಬಿಚ್ಚೋದು ನಮ್ಮ ಕೆಲಸ ಅಲ್ಲಮ್ಮ, ಕಂಪನಿಯಿಂದ ಬರ್ತಾರೆ, ನಾವು ಕೈ ಹಾಕಿದ್ರೆ ವಾರಂಟಿ ಹೋಗತ್ತೆ" ಅಂದ್ರು. ಅವರ ತಪ್ಪೇನೂ ಇಲ್ಲ. ಅವರು ಅಂಗಡಿಯೋರೂ ಅಲ್ಲ, ಕಂಪನಿಯೋರೂ ಅಲ್ಲ, ಸಾಗಾಣಿಕೆ ಗುತ್ತಿಗೆಯೋರು. ಅಷ್ಟೊತ್ತಿಗೆ ಎಕ್ಸ್‌ಚೇಂಜ್ ಅಂತ ನಮ್ಮ ಹಳೇ ಫ್ರಿಜ್ ಟೆಂಪೋ ಹತ್ತಿ ಆಗಿತ್ತು. ಹಳೇದು ಹೋಯ್ತು, ಹೊಸದು ಒಳಗೆ ಬರಲಿಲ್ಲ. ಏಪ್ರಿಲ್ ಬಿಸಿಲು ಬೇರೆ. ಹಾಲ್‌ನಲ್ಲಿ ಟಿವಿ ಪಕ್ಕ ಥರ್ಮೊಕೋಲ್ ಸಮೇತ ನಿಂತಿರೋ ಫ್ರಿಜ್, ಅಡುಗೆಮನೇಲಿ ಹುಳಿ ಬರ್ತಿರೋ ಹಿಟ್ಟು. ನೀವು ಆ ದಿನಗಳಲ್ಲಿ ನಮ್ಮ ಹಾಲು, ಮೊಸರು, ಅತ್ತೆಯವರ ಇನ್ಸುಲಿನ್ ಎಲ್ಲಾ ನಿಮ್ಮ ಫ್ರಿಜ್ಜಲ್ಲಿ ಇಟ್ಕೊಳ್ಳದೇ ಇದ್ದಿದ್ರೆ ನಾನು ಏನ್ ಮಾಡ್ತಿದ್ನೋ. ಇನ್ಸುಲಿನ್ ಕೆಟ್ಟಿದ್ರೆ ಆಟ ಅಲ್ಲ. ಅದಕ್ಕೇ ಹೇಳ್ತೀನಿ, ಹೊಸದು ಜಾಗದಲ್ಲಿ ಕೂತು, ಒಂದು ರಾತ್ರಿ ಓಡಿ, ತಣ್ಣಗಾಗೋವರೆಗೂ ಹಳೇದನ್ನ ಕೊಡ್ಬೇಡಿ. ಎಕ್ಸ್‌ಚೇಂಜ್ ಇನ್ನೊಂದು ದಿನ ಬಂದು ತಗೊಂಡು ಹೋಗ್ಲಿ ಅಂತ ಬಿಲ್ಲಲ್ಲೇ ಬರೆಸಿ.

ಅಂಗಡಿಗೆ ಫೋನ್ ಮಾಡಿದ್ರೆ ಕಂಪನಿಗೆ ಮಾಡಿ ಅಂತಾರೆ. ಕಂಪನಿಗೆ ಮಾಡಿದ್ರೆ ಡೆಮೊ ಬುಕ್ ಮಾಡ್ತೀವಿ ಅಂತಾರೆ. ಡೆಮೊ ಕೊಡೋನು ಬಂದ, ಹಾಲ್‌ನಲ್ಲೇ ನಿಂತು ಯಾವ ಬಟನ್ ಯಾತಕ್ಕೆ ಅಂತ ತೋರಿಸಿದ, ಬಾಗಿಲು ಬಿಚ್ಚೋದಕ್ಕೆ ಬೇರೆ ಕಂಪ್ಲೇಂಟ್ ಹಾಕ್ಬೇಕು ಅಂದ. ಮಾರಿದೋರು ಒಬ್ಬರು, ತಂದೋರು ಇನ್ನೊಬ್ಬರು, ಕೂರಿಸೋರು ಮತ್ತೊಬ್ಬರು. ನಮ್ಮ ದುಡ್ಡು ಮೂವರಿಗೂ ಸೇರಿದೆ, ಆ ಗೇಟಿನಿಂದ ಅಡುಗೆಮನೆವರೆಗಿನ ನಲವತ್ತು ಅಡಿ ಮಾತ್ರ ಯಾರಿಗೂ ಸೇರಿಲ್ಲ. ನನಗೆ ಹೊಟ್ಟೆ ಉರಿಯೋದು ಅದಕ್ಕೇ ಅಕ್ಕ. ಫ್ರಿಜ್ ಮಾರೋದು ಅಂದ್ರೆ ಅದು ಮನೇಲಿ ತಣ್ಣಗಾಗೋವರೆಗೂ ಅಲ್ವಾ?

ಕೊನೇಗೆ ನಮ್ಮ ಯಜಮಾನರು, 1915ಕ್ಕೆ ಫೋನ್ ಮಾಡ್ತೀನಿ ಅಂದ್ರು. ಅದು ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗ್ಗದೇ ಇದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ಅಂಗಡಿ ಎಲ್ಲಿದ್ರೂ ನಾವು ಇರೋ ಊರಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಸಾಮಾನಿಗೆ ಫೀಸೂ ಇಲ್ಲ. ನಮಗೆ ಅಲ್ಲಿವರೆಗೆ ಹೋಗೋ ಪ್ರಮೇಯ ಬರಲಿಲ್ಲ. 1915 ಅಂದ ಮಾರನೇ ದಿನವೇ ಟೆಕ್ನಿಶಿಯನ್ ಬಂದ.

ಪಳಗಿದ ಕೈ ಅಂದ್ರೆ ಅದು ನೋಡಿ. ಮೊದಲು ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದ. ಅದರ ಕೆಳಗೆ ಬಣ್ಣಬಣ್ಣದ ವೈರಿನ ಗೊಂಚಲು, ಬಾಗಿಲಿನ ಡಿಸ್‌ಪ್ಲೇಗೆ ಹೋಗೋದು. ಬಿಚ್ಚೋಕೆ ಮುಂಚೆ ಮೊಬೈಲಲ್ಲಿ ಫೋಟೋ ತಗೊಂಡ. ಆಮೇಲೆ ಅಲೆನ್ ಕೀ ಹಾಕಿ ಮೇಲಿನ ಕೀಲು ಸಡಿಲಿಸಿ, ಬಾಗಿಲನ್ನ ಎರಡೂ ಕೈಲಿ ಅಪ್ಪಿಕೊಂಡು ಮೇಲಕ್ಕೆತ್ತಿದ, ಕೆಳಗಿನ ಗೂಟದಿಂದ ಬಿಡಿಸ್ಕೊಂಡು ಬಂತು. ನಮ್ಮ ಅಡುಗೆಮನೆ ಬಾಗಿಲ ಹಲಗೇನೂ ಕಳಚಿ ಪಕ್ಕಕ್ಕಿಟ್ಟ. ಬಾಗಿಲಿಲ್ಲದ ಫ್ರಿಜ್ಜು ಇಪ್ಪತ್ನಾಲ್ಕು ಇಂಚು. ಎರಡೂ ಕಡೆ ಬೆರಳು ಆಡೋಷ್ಟು ಸಂದಿ ಬಿಟ್ಕೊಂಡು ಹೊಸ್ತಿಲು ದಾಟ್ತು. ಒಳಗೆ ಕೂರಿಸಿ ಬಾಗಿಲು ಹಾಕಿದಾಗ ಒಂದು ಮೇಲೆ, ಒಂದು ಕೆಳಗೆ ಕಾಣ್ತಿತ್ತು. ಮುಂದಿನ ಕಾಲಿನ ಸ್ಕ್ರೂ ತಿರುಗಿಸಿ ತಿರುಗಿಸಿ ಮಟ್ಟ ಮಾಡಿದ. ಕೂದಲೆಳೆಯಷ್ಟು ಹಿಂದಕ್ಕೆ ವಾಲಿರಬೇಕಂತೆ, ಆಗ ಬಾಗಿಲು ತಾನಾಗೇ ಮುಚ್ಚತ್ತೆ. ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ ಅಂದ. ಓಡುವಾಗ ಇದು ಎಳೆಯೋ ಕರೆಂಟು ಮಿಕ್ಸಿಗಿಂತ ಕಡಿಮೆ, ಆದ್ರೆ ಹಗಲೂ ರಾತ್ರಿ ಓಡೋ ಯಂತ್ರ, ಅರ್ಥಿಂಗ್ ಸರಿಯಿರೋ ಸಾಕೆಟ್ ಬೇಕು. ಅಷ್ಟು ನಾಜೂಕಿನ ಕೆಲಸ ಮಾಡಿದೋನಿಗೆ ಊಟ ಹಾಕಿಯೇ ಕಳಿಸಿದೆ.

ಇನ್ನು ಯಾವುದು ತಗೋಬೇಕು ಅನ್ನೋ ವಿಷಯ. 600 ಲೀಟರ್ ಅಂದ ತಕ್ಷಣ ಮರುಳಾಗಬೇಡಿ. ಅಕ್ಕಪಕ್ಕ ಬಾಗಿಲಿನದ್ರಲ್ಲಿ ಫ್ರೀಜರ್ ಉದ್ದಕ್ಕೆ ಇರತ್ತೆ, ಅಗಲಕ್ಕಿರಲ್ಲ. ನಿಮ್ಮ ಆ ದೋಸೆ ಹಿಟ್ಟಿನ ದೊಡ್ಡ ಪಾತ್ರೆ ಇದೆಯಲ್ಲ, ಅದರ ಬಾಯಿ ಅಳೆದ್ಕೊಂಡು ಹೋಗಿ, ಷೋರೂಮಲ್ಲೇ ಶೆಲ್ಫಿಗೆ ಟೇಪ್ ಹಿಡಿದು ನೋಡಿ. ನಿಮ್ಮಂಥ ಮನೆಗೆ ಫ್ರೀಜರ್ ಕೆಳಗೆ, ಫ್ರಿಜ್ ಮೇಲೆ ಇರೋದೇ ವಾಸಿ ಅನ್ಸತ್ತೆ ನನಗೆ. ಪದೇ ಪದೇ ಬೇಕಾಗೋ ಹಾಲು, ತರಕಾರಿ ಕಣ್ಣೆದುರಿಗೇ ಇರತ್ತೆ, ಬಗ್ಗಬೇಕಾಗಿಲ್ಲ, ನಿಮ್ಮ ಸೊಂಟನೋವಿಗೆ ಅದು ಮುಖ್ಯ. ಫ್ರೀಜರ್ ದೊಡ್ಡದಿರೋದೇನೋ ವರವೇ. ಮೈನಸ್ 18 ಡಿಗ್ರಿಯಲ್ಲಿಟ್ರೆ ಜನವರೀಲಿ ಹಿದುಕಿಟ್ಟ ಅವರೆಬೇಳೆ ಕಾಲ ಮುಗಿದ ಮೇಲೂ ಹುಳಿಗೆ ಸಿಗತ್ತೆ. ತೆಂಗಿನ ತುರಿ ಪುಟ್ಟ ಪುಟ್ಟ ಡಬ್ಬೀಲಿ ತುಂಬಿಟ್ರೆ ಬೆಳಗ್ಗೆ ಚಟ್ನಿಗೆ ಈಳಿಗೆಮಣೆ ಮುಂದೆ ಕೂರೋದು ತಪ್ಪತ್ತೆ.

ಕರೆಂಟ್ ಬಿಲ್ಲಾ? ಸ್ಟಾರ್ ಎಣಿಸಬೇಡಿ. ಸ್ಟಾರ್ ಲೆಕ್ಕ ಫ್ರಿಜ್ಜಿನ ಗಾತ್ರಕ್ಕೆ ತಕ್ಕ ಹಾಗೆ ಇರತ್ತೆ, ಹೆಚ್ಚು ಸ್ಟಾರ್ ಇರೋ ದೊಡ್ಡದು ಕಡಿಮೆ ಸ್ಟಾರಿನ ಚಿಕ್ಕದಕ್ಕಿಂತ ಜಾಸ್ತಿ ಕರೆಂಟ್ ತಿನ್ನಬಹುದು. ಆ ಲೆಕ್ಕಾನೂ ಆಗಾಗ ಬಿಗಿ ಮಾಡ್ತಿರ್ತಾರೆ, ಹಾಗಾಗಿ ಚೀಟೀಲಿ ಯಾವ ವರ್ಷದ್ದು ಅಂತಾನೂ ನೋಡಿ. ಅದರಲ್ಲೇ ವರ್ಷಕ್ಕೆ ಇಷ್ಟು ಯೂನಿಟ್ ಅಂತ ದಪ್ಪಕ್ಷರದಲ್ಲಿ ಇರತ್ತೆ, ಅದನ್ನ ಹನ್ನೆರಡರಿಂದ ಭಾಗಿಸಿ. 480 ಅಂತಿದ್ರೆ ತಿಂಗಳಿಗೆ 40. ನಿಮ್ಮನೆಗೆ ಗೃಹಜ್ಯೋತಿ ಇದೆಯಲ್ಲ, ಅದು ಎಲ್ಲರಿಗೂ 200 ಯೂನಿಟ್ ಪೂರ್ತಿ ಬಿಟ್ಟಿ ಅಲ್ಲ. 2022–23ರಲ್ಲಿ ನೀವು ಖರ್ಚು ಮಾಡಿದ ಸರಾಸರಿ ಮೇಲೆ ಒಂಚೂರು ಸೇರಿಸಿ ಅಷ್ಟು ಬಿಟ್ಟಿ, ಅದರ ಮೇಲಿನದಕ್ಕೆ ದುಡ್ಡು. 200 ದಾಟಿದ್ರಂತೂ ಆ ತಿಂಗಳ ಬಿಲ್ ಪೂರ್ತಿ ನೀವೇ ಕಟ್ಬೇಕು. ಬೇಸಿಗೇಲಿ ನಿಮ್ಮದು ಎಷ್ಟು ಬರತ್ತೆ ಅಂತ ಹಳೇ ಬಿಲ್ ತೆಗೆದು ನೋಡಿ. 170ರ ಹತ್ರ ಇದ್ರೆ ಯೋಚನೆ ಮಾಡ್ಬೇಕಾದ್ದೇ.

ಹಳೇದನ್ನ ಗುಜರಿಯವನಿಗೆ ಕೊಡ್ತೀನಿ ಅಂತ ನಿಮ್ಮ ಮಗ ಅಂತಿದ್ನಂತೆ. ದಯವಿಟ್ಟು ಬೇಡ. ಅವನು ಕಂಪ್ರೆಸರ್ ತಾಮ್ರಕ್ಕೋಸ್ಕರ ಬೀದೀಲೇ ಪೈಪ್ ಕತ್ತರಿಸ್ತಾನೆ, ಒಳಗಿರೋ ಗ್ಯಾಸ್ ಎಲ್ಲಾ ಗಾಳಿಗೆ. ಹಿಂದೆ ಫ್ರಿಜ್ಜಲ್ಲಿ ಇರ್ತಿದ್ದ ಗ್ಯಾಸ್ ಓಜೋನ್ ಪದರವನ್ನೇ ತಿಂತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದನ್ನ ಬಿಡಿಸಿದ್ರು. ಅದರ ಬದಲು ಬಂದದ್ದು ಆರ್ 134ಎ, ನಿಮ್ಮ ಹಳೇದರ ಹಿಂದಿನ ಚೀಟೀಲಿ ಅದೇ ಇರಬಹುದು, ನೋಡಿ. ಅದು ಓಜೋನಿಗೆ ಏನೂ ಮಾಡಲ್ಲ, ಆದ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ನಾನೂರು ಪಟ್ಟು ಜೋರು. ಈಗಿನ ಹೊಸ ಫ್ರಿಜ್ಜಲ್ಲಿ ಬರೋದು ಆರ್ 600ಎ, ಐಸೊಬ್ಯೂಟೇನು, ನಮ್ಮ ಅಡುಗೆ ಸಿಲಿಂಡರ್ ಗ್ಯಾಸಿನ ನೆಂಟ. ಭೂಮಿಗೆ ಅಷ್ಟು ಹಾನಿ ಇಲ್ಲ, ಇರೋದೂ ಕೆಲವೇ ಗ್ರಾಂ, ಆದ್ರೆ ಹತ್ಕೊಳ್ಳೋ ಗುಣ ಇದೆ. ಯಾವತ್ತೂ ಚಾಕು ಹಾಕಿ ಐಸ್ ಕೆರೆಯೋದು ಬೇಡ. ಗ್ಯಾಸ್ ತುಂಬಿಸೋ ಕೆಲಸ ಬಂದ್ರೆ ಅದನ್ನ ತಿಳಿದೋನನ್ನೇ ಕರೆಸ್ಬೇಕು. ಹಳೇ ಫ್ರಿಜ್ಜು ಇ-ತ್ಯಾಜ್ಯ ತಗೊಳ್ಳೋ ಪರವಾನಗಿ ಇರೋರಿಗೇ ಹೋಗ್ಲಿ, ನೂರಿನ್ನೂರು ಕಡಿಮೆ ಬಂದ್ರೆ ಬರ್ಲಿ.

ಒಟ್ನಲ್ಲಿ ಅಂಗಡೀಲಿ ದುಡ್ಡು ಎಣಿಸೋಕೆ ಮುಂಚೆ ಬಿಲ್ಲಿನ ಮೇಲೆ ಪೆನ್ನಲ್ಲಿ ಬರೆಸಿ ಸೀಲ್ ಹಾಕಿಸ್ಕೊಳ್ಳಿ: ಅಡುಗೆಮನೆ ಒಳಗೆ ಇಡೋದು ನಮ್ಮ ಜವಾಬ್ದಾರಿ, ಫ್ರಿಜ್ಜಿನ ಬಾಗಿಲು ಬಿಚ್ಚಿ ಜೋಡಿಸೋದು ಸೇರಿ, ಇಂಥ ದಿನದೊಳಗೆ. ಬರೆಯಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ, ಮೈಸೂರಲ್ಲಿ ಅಂಗಡಿಗೇನು ಬರವಾ? ಶನಿವಾರ ನಿಮ್ಮ ಮಗ ಮನೇಲಿರ್ತಾನಲ್ಲ, ಸಂಜೆ ನಾನು ಟೇಪ್ ತಗೊಂಡು ಬರ್ತೀನಿ. ನಿಮ್ಮ ಅಡುಗೆಮನೆ ಬಾಗಿಲು ನಮ್ಮದಕ್ಕಿಂತ ಅಗಲ, ಅದರ ಚಿಂತೆ ಇಲ್ಲ. ನನಗೆ ಅನುಮಾನ ಇರೋದು ತುಳಸಿಕಟ್ಟೆ ಪಕ್ಕದ ಆ ಇಕ್ಕಟ್ಟಿನ ತಿರುವಿನದ್ದು, ಮೊದಲು ಅದನ್ನೇ ಅಳೆಯೋಣ. ಹಿತ್ತಿಲ ಕಡೆಯಿಂದ ದಾರಿ ಆಗತ್ತೇನೋ ನೋಡೋಣ, ಬೇಕಾದ್ರೆ ನಮ್ಮ ಗೇಟಿಂದ ತಂದು ಈ ಕಾಂಪೌಂಡಿನ ಸಣ್ಣ ಬಾಗಿಲಿಂದ ದಾಟಿಸಿದ್ರಾಯ್ತು.