ಜೀಪು ಭಾವ

ನಮ್ಮ ಭಾವನಿಗೆ ರಸ್ತೆ ಕಂಡರಾಗದು. ಬೆಂಗಳೂರಿನಿಂದ ಹೆದ್ದಾರಿಯುದ್ದಕ್ಕೂ ಮುಖ ಸಣ್ಣ ಮಾಡಿಕೊಂಡು ಬರುವವನಿಗೆ ಗೆಲುವು ಬರುವುದು ಬೆಳಕೆಯ ನಮ್ಮ ಮನೆಯ ದಣಪೆ ದಾಟಿ ಕೆಸರು ಕಂಡ ಮೇಲೆಯೇ. ಇಂಥ ಜೀಪು ಭಾವಂದಿರು ಈಗ ಮನೆಗೊಬ್ಬರು. ಗಾಡಿಯ ಮುಂದೆ ವಿಂಚು, ಪಕ್ಕದಲ್ಲಿ ಸೊಂಡಿಲೆತ್ತಿದ ಸ್ನಾರ್ಕೆಲ್, ಹಿಂದೆ ಸಲಿಕೆ. ಆ ಸಲಿಕೆ ತೋಟದ ಮಣ್ಣು ಮುಟ್ಟಿದ್ದನ್ನು ನಾನು ನೋಡಿಲ್ಲ. ಕಾಲಿಗೊಂದು ಉಂಬಳ ಹತ್ತಿದರೆ ಮಾತ್ರ ಕೇರಿಗೆಲ್ಲ ಸುದ್ದಿ.

ಕಳೆದ ದಸರೆಯಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಹೊರಡಿಸಿದ. ಶರಾವತಿಯ ದಂಡೆ, ನಾಲ್ಕು ದಿಕ್ಕಿಗೆ ಮುಖ ಮಾಡಿ ಕುಳಿತ ತೀರ್ಥಂಕರರು, ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ಊರು. ಬೇಡವೆನ್ನುವುದು ಹೇಗೆ? ಹತ್ತಿ ಕೂತೆ.

ಬಸದಿಗೆ ರಸ್ತೆ ಉಂಟು. ಆದರೆ ಭಾವನ ಫೋನಿನ ನಕಾಶೆಯಲ್ಲಿ ಒಂದು ಚುಕ್ಕಿ ಗೆರೆಯೂ ಇತ್ತು. ‘ರಾಣಿಯ ಮೆಣಸು ಹೊತ್ತ ಎತ್ತುಗಳು ಹೋದ ದಾರಿ ಇದೇ ಇರಬೇಕು’ ಎಂದು ತಿರುಗಿಸಿಯೇ ಬಿಟ್ಟ. ಎತ್ತಿಗೆ ಬುದ್ಧಿ ಇರುತ್ತದೆ, ಇದಾಗಿರಲಾರದು ಎಂದೆ. ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

ಸ್ವಲ್ಪ ದೂರದಲ್ಲೇ ಇಳಿದು ನಾಲ್ಕೂ ಟಯರಿನ ಗಾಳಿ ಇಳಿಸಿದ. ಗಾಳಿ ಕಮ್ಮಿಯಾದರೆ ಟಯರು ಅಗಲವಾಗಿ ನೆಲ ಕಚ್ಚುತ್ತದಂತೆ. ಮತ್ತೆ ಹತ್ತಿ, ಗೇರಿನ ಪಕ್ಕದ ಚಿಕ್ಕ ಲಿವರ್ ಎಳೆದು ‘ಫೋರ್ ಲೋ’ ಎಂದು ಭಕ್ತಿಯಿಂದ ಉಚ್ಚರಿಸಿದ. ಗಾಡಿ ದರಕಿನ ಮೇಲೆ ಗಂಭೀರವಾಗಿ ತೆವಳಿ, ಹಳ್ಳಕ್ಕಿಳಿದು, ಹೊಟ್ಟೆ ಊರಿ ಕೂತಿತು. ಚಕ್ರ ನಾಲ್ಕೂ ತಿರುಗಿದವು. ಮುಂದೆ ಹೋದದ್ದು ಯಾವುದೂ ಇಲ್ಲ, ಕೆಸರು ಮಾತ್ರ ನನ್ನ ಹೊಸ ಪಂಚೆವರೆಗೆ ಬಂತು. ವಿಂಚಿನ ಹಗ್ಗ ಕಟ್ಟಲು ಸಿಕ್ಕ ಒಂದೇ ಗಟ್ಟಿ ಮರದ ತುಂಬ ಚಗಳಿ.

ಭಾವ ಮೈ ಕೊಡವಿಕೊಳ್ಳುತ್ತಿದ್ದಾಗ, ಹೊತ್ತು ಹೋಗಲೆಂದು ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯ ಕಥೆ ಹೇಳಿದೆ. 1623ರಲ್ಲಿ ಆತ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದವ. ರಾಣಿಯ ಪಟ್ಟಣ ಆಗಲೇ ಹಾಳುಬಿದ್ದು ಮರ ಬೆಳೆದಿತ್ತೆಂದು ಬರೆದಿಟ್ಟಿದ್ದಾನೆ. ‘ಅವನ ಹತ್ತಿರ ವಿಂಚು ಇರಲಿಲ್ಲ’ ಎಂದೆ.

‘ಪಾಪ’ ಎಂದ ಭಾವ, ನಿಜವಾಗಿ ಮರುಗಿ.

ಆಗ ಹಾಲಿನ ಕ್ಯಾನು ಕಟ್ಟಿದ ಹಳೇ ಎಂ-80ಯೊಂದು ಹಳ್ಳ ದಾಟಿ ಬಂತು. ‘ಎಂತಾ ಆಯ್ತು ಭಟ್ರೆ? ಬಸ್ತಿಗೆ ಹೋಗೂಕಾ? ರಸ್ತೆ ಆಚೆಗುಂಟಲ್ಲ!’ ಎಂದವನು ಹೋಗಿ, ಅಡಿಕೆ ದಬ್ಬೆ ಎರಡು ತಂದು ಚಕ್ರದಡಿ ತುರುಕಿದ. ‘ಈಗ ಬಿಡಿ.’ ಗಾಡಿ ಎದ್ದಿತು. ಭಾವ ಅದನ್ನು ಗೆಳೆಯರಿಗೆ ಹೇಳುವಾಗ ದಬ್ಬೆಯ ಸುದ್ದಿ ಬರುವುದಿಲ್ಲ, ‘ರಿಕವರಿ’ ಎಂದಷ್ಟೇ ಬರುತ್ತದೆ.

ಒಂದು ಮಾತು ಹೇಳಲೇಬೇಕು. ಅಂದು ದಾರಿಯಲ್ಲಿ ಉಪ್ಪಾಗೆ ಮರದಲ್ಲಿದ್ದ ಸಿಂಗಳೀಕವೊಂದನ್ನು ಮೊದಲು ಕಂಡವನು ಅವನೇ. ಬಾಯಿ ಮುಚ್ಚಿ, ಫೋನನ್ನೂ ಎತ್ತದೆ, ಅದು ಕಣ್ಮರೆಯಾಗುವವರೆಗೆ ಕತ್ತೆತ್ತಿ ನಿಂತಿದ್ದ. ಈ ಕಾಡಿನಲ್ಲೇ ಹುಟ್ಟಿದ ನಾನು ಹಾಗೆ ನಿಂತು ನೋಡಿ ಎಷ್ಟು ಕಾಲವಾಯಿತೋ. ಆದರೆ ಒಳಗಿನ ಕೇರಿಗಳ ಜನ ಇಂಥ ಕೆಸರು ದಾರಿಗೊಂದು ರಸ್ತೆ ಕೊಡಿ ಎಂದು ಅರ್ಜಿ ಬರೆಯುತ್ತಲೇ ಮುದುಕರಾಗಿದ್ದಾರೆ; ಮಳೆಗಾಲದಲ್ಲಿ ಕಾಯಿಲೆಯವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುತ್ತಾರೆ. ಅವರು ತಪ್ಪಿಸಿಕೊಳ್ಳಬೇಕೆಂದಿರುವ ಕೆಸರಿಗೆ ಭಾವ ಬೆಂಗಳೂರಿನಿಂದ ಡೀಸೆಲ್ ಸುಟ್ಟುಕೊಂಡು ಬರುತ್ತಾನೆ.

ಶರಾವತಿ ಕೊಳ್ಳದಲ್ಲಿ 2019ರಿಂದ ಸಿಂಗಳೀಕ ಅಭಯಾರಣ್ಯವಿದೆ. ರಾಮಪತ್ರೆ ಜಡ್ಡಿಗಳಿವೆ; ಅಲ್ಲಿ ಟಯರು ಕೊರೆದ ಗಾಡಿಜಾಡಿನಲ್ಲಿ ನೀರು ದಾರಿ ಬದಲಿಸಿದರೆ ಮರದ ಬೇರಿಗೆ ಕುತ್ತು. ಆದ್ದರಿಂದ ನಾಡಿನ ಸಮಸ್ತ ಜೀಪು ಭಾವಂದಿರಲ್ಲಿ ವಿನಂತಿ: ಗೇರುಸೊಪ್ಪೆಗೆ ಅವಶ್ಯ ಬನ್ನಿ, ರಸ್ತೆಯಲ್ಲೇ ಬನ್ನಿ. ಕಾಡಿಗೆ ಇಳಿಸಲೇಬೇಕೆಂದಿದ್ದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಪಂಚೆ ಉಟ್ಟವರನ್ನು ಮನೆಯಲ್ಲೇ ಬಿಟ್ಟು ಹೋಗಿ.